ಕಬಡ್ಡಿ ಅಂಗಳದಲ್ಲಿ ನಾನು ಕಾಣದೇ ಹೋದದ್ದು

ಕಳೆದ ತಿಂಗಳು ನಮ್ಮ ಮನೆಗೆ ಇಬ್ಬರು ಹೊಸ ದೈಹಿಕ ಶಿಕ್ಷಕರು ಬಂದಿದ್ದರು. ಒಬ್ಬಳು ಹುಕ್ಕೇರಿ ಕಡೆಯವಳು, ಇನ್ನೊಬ್ಬ ಮೂಡಲಗಿಯವನು. ಶಾಲಾ ಕ್ರೀಡಾಕೂಟ ಹತ್ತಿರ ಬಂದಿತ್ತು. ಇಬ್ಬರಿಗೂ ಕಬಡ್ಡಿ ನಿರ್ಣಾಯಕರಾಗಿ ಹೋಗಲು ಆದೇಶ ಬಂದಿತ್ತು. "ಅಕ್ಕೋರ, ನೀವು ಮೂವತ್ತ ವರ್ಷ ಸೀಟಿ ಊದೀರಿ. ನಮಗೂ ಒಂದೀಟ ಹೇಳಿಕೊಡ್ರಿ" ಎಂದರು. ನಿಯಮಗಳೆಲ್ಲ ಅವರ ಮೊಬೈಲಿನಲ್ಲಿದ್ದವು. ನನಗಿಂತ ಅವರಿಗೇ ಚೆನ್ನಾಗಿ ಬಾಯಿಪಾಠವಾಗಿದ್ದವು. ಚಹಾ ಕುಡಿಯುತ್ತ ಎರಡು ತಾಸು ಮಾತಾಡಿದೆವು. ಅವರು ಹೋದ ಮೇಲೆ, ಹೇಳಬೇಕಾದದ್ದನ್ನು ನಾನು ಹೇಳಲೇ ಇಲ್ಲ ಅನಿಸಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಮೇಲವಂಕಿಯವಳು. ಗೋಕಾಕ ತಾಲೂಕಿನ ಹೈಸ್ಕೂಲುಗಳಲ್ಲಿ ದೈಹಿಕ ಶಿಕ್ಷಕಿಯಾಗಿದ್ದು ಎರಡು ವರ್ಷದ ಹಿಂದೆ ನಿವೃತ್ತಳಾದೆ. ನಮ್ಮ ಕಡೆ ಶಿಕ್ಷಕಿಯನ್ನು ಅಕ್ಕೋರು, ಬಾಯಾರು ಎಂದು ಕರೆಯುತ್ತಾರೆ. ವರ್ಗಾವಣೆ, ಬಡ್ತಿಗಳ ಕಥೆ ಬೇಡ, ಅವು ಎಲ್ಲರಿಗೂ ಆಗುತ್ತವೆ. ನಾನು ಕಾಲೇಜಿನಲ್ಲಿ ಆಡಿದ್ದು ಖೋ ಖೋ. ಕಬಡ್ಡಿ ನನ್ನ ಪಾಲಿಗೆ ಬಂದದ್ದು ನೌಕರಿಯಿಂದ. ಹುಡುಗಿಯರ ಪಂದ್ಯಕ್ಕೆ ಒಬ್ಬ ಹೆಣ್ಣುಮಗಳು ನಿರ್ಣಾಯಕಿ ಬೇಕು ಎಂದಾಗ ಸುತ್ತಮುತ್ತ ಸಿಕ್ಕವಳು ನಾನೊಬ್ಬಳೇ.

ಮೊದಲ ಪಂದ್ಯದ ದಿನ ನನಗೆ ಜೊತೆಯಾಗಿದ್ದವರು ಮಲ್ಲಪ್ಪ ಮಾಸ್ತರರು. ಹುಕ್ಕೇರಿ ತಾಲೂಕಿನ ಹಿರಿಯ ದೈಹಿಕ ಶಿಕ್ಷಕರು, ಹಣೆ ತುಂಬ ವಿಭೂತಿ, ಕುಳ್ಳಗಿನ ಗಟ್ಟಿ ಆಳು. ಆಟ ಶುರುವಾಗಲು ಅರ್ಧ ತಾಸಿತ್ತು. ಅವರು ಬೂಟು ಬಿಚ್ಚಿ ಬದಿಗಿಟ್ಟು, ಬರಿಗಾಲಲ್ಲಿ ಅಂಗಳದ ಒಂದು ಮೂಲೆಯಿಂದ ನಡೆಯತೊಡಗಿದರು. ಆ ತುದಿಗೆ ಹೋಗಿ, ಒಂದು ಹೆಜ್ಜೆ ಸರಿದು, ಈ ತುದಿಗೆ ಬಂದರು. ನೇಗಿಲು ಹೊಡೆದ ಹಾಗೆ ಸಾಲು ಸಾಲಾಗಿ ಇಡೀ ಅಂಗಳ ನಡೆದರು. ನಡುವೆ ನಾಲ್ಕೈದು ಸಲ ಬಗ್ಗಿ ಏನನ್ನೋ ಹೆಕ್ಕಿ ಜೇಬಿಗೆ ಹಾಕಿಕೊಂಡರು. ನಾನು ನೋಡುತ್ತ ನಿಂತಿದ್ದೆ. ಹತ್ತಿರ ಬಂದು ಜೇಬಿನಿಂದ ತೆಗೆದು ತೋರಿಸಿದರು. ಜಾಲಿ ಮುಳ್ಳು, ಗಾಜಿನ ಚೂರು, ಒಂದು ಮೊಳೆ.

"ಚಪ್ಪಲಿ ಬಿಡ್ರಿ ಬಾಯಾರ, ನೀವೂ ಒಮ್ಮಿ ಅಡ್ಡಾಡ್ರಿ" ಎಂದರು. "ಹುಡುಗೂರ ಮೈಗಿ ಚುಚ್ಚೂದು ನಮ್ಮ ಕಾಲಿಗಿ ಮೊದಲ ಗೊತ್ತಾಗಬೇಕು."

ಆಮೇಲೆ ಎರಡೂ ತಂಡದ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಕೈ ಮುಂದೆ ಚಾಚಲು ಹೇಳಿದರು. ಉಗುರು ನೋಡುವ ಕೆಲಸ ನನ್ನದಾಯಿತು. ಉಗುರು ಬೆಳೆದಿದ್ದರೆ ಎದುರಿನವರ ಮುಖ, ಕುತ್ತಿಗೆ ಗೀರಿ ಹೋಗುತ್ತದೆ, ಅದಕ್ಕೆ ಕತ್ತರಿಸದೆ ಒಳಗೆ ಬಿಡುವಂತಿಲ್ಲ. ನಾನು ನೇಲ್ ಕಟರ್ ಹಿಡಿದು ಒಬ್ಬೊಬ್ಬಳ ಕೈಯನ್ನು ನನ್ನ ಅಂಗೈಯಲ್ಲಿಟ್ಟು ನೋಡಿದೆ. ಹದಿಮೂರು ಹದಿನಾಲ್ಕು ವರ್ಷದ ಮಕ್ಕಳು. ಕಬ್ಬಿನ ರವದಿಯ ಒಣಗರಿ ಕೊಯ್ದ ಗೀರುಗಳು, ಕಳೆ ತೆಗೆದು ಜಡ್ಡುಗಟ್ಟಿದ ಬೆರಳಬುಡ, ಒಲೆಯ ಬೊಬ್ಬೆ. ಆ ಕೈಗಳು ಅವರ ಮುಖಗಳಿಗಿಂತ ಇಪ್ಪತ್ತು ವರ್ಷ ದೊಡ್ಡವಾಗಿದ್ದವು. ಹತ್ತು ನಿಮಿಷದ ನಂತರ ಅವೇ ಕೈಗಳು ಗಾಳಿಯಲ್ಲಿ ಹಾರುವ ಹುಡುಗಿಯ ಪಾದವನ್ನು ಹಿಡಿದು ನಿಲ್ಲಿಸಿದ್ದನ್ನು ಕಂಡು ನಾನು ಸೀಟಿ ಊದುವುದನ್ನೇ ಮರೆತೆ. ಮಲ್ಲಪ್ಪ ಮಾಸ್ತರರು ಆ ಕಡೆಯಿಂದ ಊದಿದರು. ಬೈಯಲಿಲ್ಲ. "ಮೊದಲ ದಿನ ನಾನೂ ಹಿಂಗ ನಿಂತಿದ್ದೆ" ಎಂದರು.

ಈಗ ನನ್ನ ತಪ್ಪಿನ ಕಥೆ. ಇದನ್ನು ಬಿಟ್ಟು ಉಳಿದದ್ದು ಹೇಳಿದರೆ ಅದು ಪ್ರಾಮಾಣಿಕವಲ್ಲ.

ನೌಕರಿಗೆ ಸೇರಿ ಐದಾರು ವರ್ಷವಾಗಿತ್ತು. ಹುಡುಗರ ಪಂದ್ಯಕ್ಕೂ ನನ್ನನ್ನು ಕರೆಯತೊಡಗಿದ್ದರು. ಅದರ ಹೆಮ್ಮೆ ನನಗೆ ಸ್ವಲ್ಪ ಜಾಸ್ತಿಯೇ ಇತ್ತು. ಒಂದು ಪಂದ್ಯದಲ್ಲಿ ಬಸವರಾಜ ಎಂಬ ಹುಡುಗ ರೈಡಿಗೆ ಹೋದ. ರೈಡ್ ಎಂದರೆ ಗೊತ್ತಲ್ಲ, ಒಬ್ಬನೇ ಎದುರಾಳಿಗಳ ಅಂಗಳಕ್ಕೆ ನುಗ್ಗಿ, ಉಸಿರು ಬಿಡದೆ ಕಬಡ್ಡಿ ಕಬಡ್ಡಿ ಎನ್ನುತ್ತ ಯಾರನ್ನಾದರೂ ಮುಟ್ಟಿ, ನಡುಗೆರೆಗೆ ಮರಳಬೇಕು. ಅವನನ್ನು ಇಬ್ಬರು ಹಿಡಿದರು, ಮತ್ತೆ ಮೂವರು ಮೇಲೆ ಬಿದ್ದರು. ಅವನ ಕೈ ನಡುಗೆರೆಯ ಕಡೆ ಇಂಚಿಂಚಾಗಿ ಚಾಚುತ್ತಿತ್ತು. ಜನ ಕೂಗುತ್ತಿದ್ದರು. ನಾನು ಮಂಡಿಯೂರಿ ಗೆರೆಯನ್ನೇ ನೋಡುತ್ತಿದ್ದೆ. ಬೆರಳು ಮುಟ್ಟಿತೋ ಇಲ್ಲವೋ, ಈ ತೀರ್ಪು ಮಾತ್ರ ತಪ್ಪಬಾರದು ಎಂದು. ಆ ಗುಂಪಿನ ಕೆಳಗೆ ಅವನ ಕುತ್ತಿಗೆ, ಹೆಗಲು ಎಲ್ಲಿದೆ ಎಂದು ನಾನು ನೋಡಲೇ ಇಲ್ಲ. 'ಕಬಡ್ಡಿ' ಎಂಬ ದನಿ ನಿಂತದ್ದೂ ಜನರ ಗದ್ದಲದಲ್ಲಿ ಕೇಳಲಿಲ್ಲ. ನಾನು ಸೀಟಿ ಊದಿ ಹುಡುಗರು ಒಬ್ಬೊಬ್ಬರೇ ಎದ್ದಾಗ ಅವನ ಭುಜದ ಮುಂದಿನ ಎಲುಬು ಮುರಿದಿತ್ತು.

ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಆ ಸ್ಥಿತಿಯಲ್ಲಿ ಅವನು ನನ್ನನ್ನು ಕೇಳಿದ್ದು ಒಂದೇ ಮಾತು: "ಅಕ್ಕೋರ, ನನ್ನ ಕೈ ಗೆರಿ ಮುಟ್ಟಿತ್ತೇನ್ರಿ?"

ಮುಟ್ಟಿತ್ತು. ಹೇಳಿದೆ. ಅವನು ನಕ್ಕ. ನನಗೆ ಆ ನಗುವನ್ನು ನೋಡಲಾಗಲಿಲ್ಲ.

ಮಾರನೇ ವಾರ ಸುದ್ದಿ ಕೇಳಿ ಮಲ್ಲಪ್ಪ ಮಾಸ್ತರರು ಗೋಕಾಕಕ್ಕೆ ಬಂದರು. ನಮ್ಮ ಶಾಲೆಯ ಅಂಗಳಕ್ಕೆ ನನ್ನನ್ನೂ ನನ್ನ ತಂಡದ ಆರು ಹುಡುಗಿಯರನ್ನೂ ಕರೆದರು. "ಬಾಯಾರ, ನೀವು ಕೆಳಗ ಮಕ್ಕೊಳ್ರಿ" ಎಂದರು. ನಾನು ಟ್ರ್ಯಾಕ್ ಪ್ಯಾಂಟಿನಲ್ಲಿದ್ದೆ, ಬೋರಲಾಗಿ ಮಲಗಿದೆ. "ಈಗ ಕಬಡ್ಡಿ ಅನ್ಕೋತ ಗೆರಿ ಕಡೆ ಕೈ ಚಾಚ್ರಿ. ನೀವು ಹೋಗಿ ಮ್ಯಾಲ ಬೀಳ್ರಿ" ಎಂದು ಹುಡುಗಿಯರಿಗೆ ಹೇಳಿದರು. ಅವರು ಅಕ್ಕೋರ ಮೇಲೆ ಬೀಳಲು ಅಂಜಿದರು. ಮಾಸ್ತರರು ಗದರಿದ ಮೇಲೆ ಬಿದ್ದರು.

ಒಬ್ಬಳು ಬಿದ್ದಾಗ ನಗು ಬಂತು. ಮೂವರಾದಾಗ ಎದೆಯೊಳಗಿನ ಗಾಳಿ ಹೊರಗೆ ಹೋಯಿತು, ಒಳಗೆ ಬರಲಿಲ್ಲ. ಐದನೆಯವಳು ಬಿದ್ದಾಗ ನನಗೆ ನೆಲವೂ ಕಾಣಲಿಲ್ಲ. ಬಿಡ್ರಿ ಎನ್ನಲು ಬಾಯಿ ತೆರೆದೆ, ದನಿ ಇರಲಿಲ್ಲ. ಮಲ್ಲಪ್ಪ ಮಾಸ್ತರರು ಸೀಟಿ ಊದಿದರು. ಎದ್ದು ಕೂತು ಕೆಮ್ಮುತ್ತಿದ್ದಾಗ ಕೇಳಿದರು: "ಎಷ್ಟ ಹೊತ್ತ ಆತು?"

"ಒಂದ ನಿಮಿಷ ಆಗಿರಬೇಕ್ರಿ."

ಗಡಿಯಾರ ತೋರಿಸಿದರು. ಹತ್ತು ಸೆಕೆಂಡೂ ಆಗಿರಲಿಲ್ಲ.

ಅಂದಿನಿಂದ ನಾನು ಬೇಗ ಸೀಟಿ ಊದುವವಳಾದೆ. 'ಅವಸರದ ಅಕ್ಕೋರು' ಎಂಬ ಹೆಸರೂ ಬಂತು. ಪಾಯಿಂಟ್ ತಪ್ಪಿದವರು ಬಹಳ ಸಲ ಬೈದಿದ್ದಾರೆ. ಬಸವರಾಜ ಮುಂದಿನ ವರ್ಷ ಮತ್ತೆ ಆಡಲು ಬಂದ. ಉಗುರು ನೋಡಲು ಕೈ ಹಿಡಿದಾಗ ನಾನು ತಲೆ ಎತ್ತಲಿಲ್ಲ. ಅವನೇ, "ಹೆಗಲ ಗಟ್ಟಿ ಐತ್ರಿ ಅಕ್ಕೋರ, ನೋಡ್ರಿ" ಎಂದು ಭುಜ ತಿರುಗಿಸಿ ತೋರಿಸಿದ.

ಕಾಲ ಬದಲಾಯಿತು. ಮಣ್ಣಿನ ಅಂಗಳ ಹೋಗಿ ಮ್ಯಾಟ್ ಬಂತು. ಬಣ್ಣದ ಕಾರ್ಡು ಬಂದವು. ಕುತ್ತಿಗೆ ಒತ್ತಿದರೆ, ಬಾಯಿ ಮುಚ್ಚಿದರೆ, ಕಾಲು ಕತ್ತರಿ ಹಾಕಿದರೆ ಮೊದಲು ಹಸಿರು, ಆಮೇಲೆ ಹಳದಿ, ಮತ್ತೂ ತಿಳಿಯದಿದ್ದರೆ ಕೆಂಪು. ಮ್ಯಾಟ್ ಮೊದಲು ಬಂದಾಗ ಮುಳ್ಳು ಹೆಕ್ಕುವ ಕೆಲಸ ತಪ್ಪಿತೆಂದು ಎಲ್ಲರೂ ಖುಷಿಪಟ್ಟೆವು. ಆ ವರ್ಷ ಮಧ್ಯಾಹ್ನ ಬಯಲಿನಲ್ಲಿ ಮ್ಯಾಟ್ ಹಾಸಿ ಪಂದ್ಯ ಶುರು ಮಾಡಿದೆವು. ಮೊದಲರ್ಧ ಮುಗಿದಾಗ ಒಬ್ಬ ಹುಡುಗಿ ಪಾದ ತೋರಿಸಿದಳು. ಅಂಗಾಲಿನ ತುಂಬ ಬೊಬ್ಬೆ. ಬಿಸಿಲಿಗೆ ಮ್ಯಾಟ್ ಕಾದ ಹಂಚಿನಂತಾಗಿತ್ತು. ಬೂಟು ಹಾಕಿ ನಿಂತ ನಮಗೆ ಯಾರಿಗೂ ತಿಳಿದಿರಲಿಲ್ಲ. ಬೂಟಿಲ್ಲದ ಆ ಮಕ್ಕಳು ಇಪ್ಪತ್ತು ನಿಮಿಷ ಅದರ ಮೇಲೆ ಆಡಿದ್ದರು, ಒಬ್ಬರೂ ಹೇಳಿರಲಿಲ್ಲ. ಮ್ಯಾಟಿನ ಮೇಲೂ ಬರಿಗಾಲಲ್ಲಿ ನಡೆದು ನೋಡುವುದನ್ನು ಅವತ್ತಿನಿಂದ ನಾನು ಬಿಡಲಿಲ್ಲ. ಪಂದ್ಯಗಳನ್ನು ಮುಂಜಾನೆಗೂ ಸಂಜೆಗೂ ಸರಿಸಿದೆವು.

ಇಷ್ಟೆಲ್ಲ ಕಲಿತೆ ಎಂದುಕೊಂಡಿದ್ದೆ. ನಿವೃತ್ತಿಯ ಹಿಂದಿನ ಕ್ರೀಡಾಕೂಟದಲ್ಲಿ ಇಬ್ಬರು ಹುಡುಗಿಯರು ನನಗೆ ತೋರಿಸಿದ್ದು ಬೇರೆಯೇ.

ಗೋಕಾಕದಲ್ಲಿ ಹೈಸ್ಕೂಲು ಹುಡುಗಿಯರ ಜಿಲ್ಲಾ ಮಟ್ಟದ ಫೈನಲ್. ಮೂಡಲಗಿ ತಾಲೂಕಿನ ತಂಡಕ್ಕೂ ಹುಕ್ಕೇರಿ ತಾಲೂಕಿನ ತಂಡಕ್ಕೂ ಆಟ. ಗೆದ್ದವರು ವಿಭಾಗ ಮಟ್ಟಕ್ಕೆ ಹೋಗುತ್ತಾರೆ, ಸೋತವರು ಮನೆಗೆ. ಹತ್ತನೇ ಇಯತ್ತೆಯವರಿಗೆ ಅದೇ ಕೊನೆಯ ಅವಕಾಶ. ಮುಖ್ಯ ನಿರ್ಣಾಯಕಿ ನಾನು.

ಮೂಡಲಗಿ ತಂಡದ ರೈಡರ್ ರೇಣುಕಾ, ತುಕ್ಕಾನಟ್ಟಿಯವಳು. ಸಣ್ಣ ಮೈ, ಉದ್ದ ಕಾಲು. ಅವಳು ಎದುರಾಳಿ ಅಂಗಳಕ್ಕೆ ಇಳಿದರೆ ಮ್ಯಾಟಿನ ಮೇಲೆ ಹೆಜ್ಜೆ ಸಪ್ಪಳವೇ ಕೇಳುತ್ತಿರಲಿಲ್ಲ. ಹುಕ್ಕೇರಿ ತಂಡದ ನಾಯಕಿ ದೀಪಾ, ಗಟ್ಟಿಮುಟ್ಟಾದ ಹುಡುಗಿ, ಹಿಡಿದ ಪಾದ ಬಿಟ್ಟವಳಲ್ಲ. ಇಬ್ಬರೂ ಹತ್ತನೇ ಇಯತ್ತೆ. ನನ್ನ ಸೇವೆಯಲ್ಲಿ ಅಂಥ ಆಟ ನಾನು ನೋಡಿರಲಿಲ್ಲ. ಜನ ಕೂಗುವುದನ್ನು ಬಿಟ್ಟು ಸುಮ್ಮನೆ ನಿಂತುಬಿಟ್ಟಿದ್ದರು.

ಕೊನೆಯ ರೈಡ್. ಮೂಡಲಗಿ ಒಂದು ಪಾಯಿಂಟ್ ಹಿಂದಿತ್ತು. ರೇಣುಕಾ ಇಳಿದಳು. ಎಡಕ್ಕೆ ತೋರಿಸಿ ಬಲಕ್ಕೆ ಸರಿದು, ಒಂದು ಕಾಲನ್ನು ಬೋನಸ್ ಗೆರೆಯಾಚೆ ಊರಿ ಇನ್ನೊಂದನ್ನು ಮೇಲೆತ್ತಿದಳು. ನನಗೆ ಸ್ಪಷ್ಟ ಕಂಡಿತು, ಬೋನಸ್, ಒಂದು ಪಾಯಿಂಟ್. ಈಗ ಎರಡೂ ತಂಡ ಸಮ. ಅಷ್ಟರಲ್ಲಿ ದೀಪಾ ಅವಳ ಪಾದ ಹಿಡಿಯಲು ಬಿದ್ದಳು, ಸಿಗಲಿಲ್ಲ. ರೇಣುಕಾ ಅವಳ ಮೇಲಿನಿಂದಲೇ ಹಾರಿದಳು. ಬೀಳುವಾಗ ಅವಳ ತಲೆ ಮ್ಯಾಟಿನ ಕೆಳಗಿನ ಗಟ್ಟಿ ನೆಲಕ್ಕೆ ಬಡಿಯಿತು. ಆ ಸಪ್ಪಳ ನನಗೆ ಕೇಳಿಸಿತು. ಆದರೂ ಅವಳು ಬಿದ್ದದ್ದು ನಡುಗೆರೆಯ ಮೇಲೆ, ಎರಡೂ ಕೈ ತನ್ನ ಅಂಗಳದೊಳಗೆ.

ಸೀಟಿ ಊದಿದೆ. ನಾನಾಗಲಿ ಇಬ್ಬರು ಅಂಪೈರ್‌ಗಳಾಗಲಿ ಅವಳು ಯಾರನ್ನೂ ಮುಟ್ಟಿದ್ದನ್ನು ಕಾಣಲಿಲ್ಲ. ಬೋನಸ್ ಒಂದೇ. ಪಂದ್ಯ ಸಮ, ಹೆಚ್ಚುವರಿ ಸಮಯ ಆಡಿಸಬೇಕು.

ರೇಣುಕಾ ಎದ್ದಳು. ಎದ್ದವಳು ಹೋಗಿ ಹುಕ್ಕೇರಿ ತಂಡದ ಸಾಲಿನಲ್ಲಿ ನಿಂತಳು.

ಜನ ನಕ್ಕರು. ನಾನು ಓಡಿಹೋಗಿ ಅವಳ ಎರಡೂ ಭುಜ ಹಿಡಿದೆ. "ನಿನ್ನ ಊರ ಯಾವುದವ್ವ?"

"ತುಕ್ಕಾನಟ್ಟಿ ರಿ."

"ಈಗ ಯಾರ ಜೋಡಿ ಆಡಾಕತ್ತೀರಿ?"

"ಗೋಕಾಕದವರ ಜೋಡಿ ರಿ" ಎಂದಳು. ಗೋಕಾಕದವರ ಜೊತೆ ಆಡಿ ಗೆದ್ದದ್ದು ಮುಂಜಾನೆ. ಅವಳಿಗೆ ಮಧ್ಯದ ಹೊತ್ತೇ ಇರಲಿಲ್ಲ.

ನಾನು ಅವಳನ್ನು ಹೊರಗೆ ಕರೆತಂದು ಕೂರಿಸಿದೆ. "ಈಕಿ ಇನ್ನ ಆಡಂಗಿಲ್ಲ" ಎಂದೆ. ಅವರ ಶಿಕ್ಷಕರು ಕೈ ಮುಗಿದರು. "ಅಕ್ಕೋರ, ಈಕಿ ಬಿಟ್ಟರ ನಮಗ ರೈಡರ್ ಇಲ್ರಿ. ನೋಡ್ರಿ, ನೆಟ್ಟಗ ಕುಂತಾಳ, ರಕ್ತ ಇಲ್ಲ ಏನಿಲ್ಲ." ಕೂಟದ ಉಸ್ತುವಾರಿ ಹೊತ್ತಿದ್ದ ಅಧಿಕಾರಿಯೂ ಬಂದರು. "ಐದ ನಿಮಿಷದ ಆಟ ಬಾಯಾರ. ಇಷ್ಟ ಮಂದಿ ಕಾಯಾಕತ್ತಾರ."

"ತಲಿಗಿ ಪೆಟ್ಟ ಬಿದ್ದೈತ್ರಿ. ಎರಡನೇ ಪೆಟ್ಟ ಬಿದ್ದರ ಆಕಿ ಏಳಂಗಿಲ್ಲ."

"ಹಂಗಾರ ನಿಮ್ಮ ಜವಾಬ್ದಾರಿ ಮ್ಯಾಲ ಬರದ ಕೊಡ್ರಿ."

"ಕೊಡ್ತೇನ್ರಿ" ಎಂದು ಕಾಗದ ತೆಗೆದುಕೊಂಡೆ. ನಿವೃತ್ತಿಗೆ ಕೆಲವೇ ತಿಂಗಳಿದ್ದವು. ಬರೆಯುವುದಕ್ಕೆ ಭಯವಿರಲಿಲ್ಲ. ಆದರೆ ಆ ತಂಡ ಈಗ ಸೋಲುವುದು ಖಚಿತ, ಸೋಲಿಸಿದವಳು ನಾನು ಎಂಬುದು ಗೊತ್ತಿತ್ತು. ಎರಡು ಸಾಲು ಬರೆದಿರಬೇಕು, ಮೇಜಿನ ಮೇಲೆ ನೆರಳು ಬಿತ್ತು. ಹುಕ್ಕೇರಿಯ ನಾಯಕಿ ದೀಪಾ ನಿಂತಿದ್ದಳು.

"ಅಕ್ಕೋರ, ಹೆಚ್ಚಿನ ಆಟ ಬ್ಯಾಡ್ರಿ."

"ಯಾಕವ್ವ?"

"ಆಕಿ ನನ್ನ ಮುಟ್ಯಾಳ್ರಿ." ತನ್ನ ಬಲ ಹೆಗಲು ತೋರಿಸಿದಳು. "ಹಾರೂಮುಂದ. ಇಲ್ಲಿ."

ಮುಟ್ಟಿದ್ದರೆ ಮೂಡಲಗಿಗೆ ಇನ್ನೊಂದು ಪಾಯಿಂಟ್. ಮೂಡಲಗಿ ಗೆದ್ದಂತೆ. ದೀಪಾಳ ಶಿಕ್ಷಕ ಓಡಿ ಬಂದ. "ಏ ಹುಚ್ಚಿ! ಅಂಪೈರ್ ಮೂರು ಮಂದಿ ನೋಡಿಲ್ಲ. ನಿನಗೇನ ಬಂತು?"

"ಅವರು ನೋಡಿಲ್ಲ ಅಂದ್ರ ಮುಟ್ಟಿಲ್ಲ ಅಂತ ಅಲ್ಲಲ್ರಿ ಸರ" ಎಂದಳು. ದನಿ ಏರಿಸಲಿಲ್ಲ. "ಆಕಿಗಿ ಹೇಳಾಕ ನೆನಪಿಲ್ಲ. ನಾನೂ ಹೇಳಲಿಲ್ಲ ಅಂದ್ರ ಮತ್ತ ಯಾರ ಹೇಳಬೇಕು?"

ಅವಳ ತಂಡದ ಆರು ಹುಡುಗಿಯರು ದೂರ ನಿಂತು ನೋಡುತ್ತಿದ್ದರು. ಒಬ್ಬಳು ಅಳುತ್ತಿದ್ದಳು. ಆಮೇಲೆ ಅವಳೇ ಬಂದು ದೀಪಾಳ ಬದಿಗೆ ನಿಂತಳು. ಉಳಿದವರೂ ಬಂದರು. ಯಾರೂ ಅವಳಿಗೆ ಬೇಡ ಎನ್ನಲಿಲ್ಲ.

ಅಂಕಪಟ್ಟಿಗೆ ಇನ್ನೂ ಸಹಿ ಬಿದ್ದಿರಲಿಲ್ಲ. ಅಂಪೈರ್‌ಗಳನ್ನು ಕರೆದು ಮಾತಾಡಿದೆ. ನಾಯಕಿ ತಾನಾಗಿ ಒಪ್ಪಿಕೊಂಡಿದ್ದನ್ನು ದಾಖಲಿಸಿ ಒಂದು ಪಾಯಿಂಟ್ ಕೊಟ್ಟೆ. ಮೂಡಲಗಿ ಗೆದ್ದಿತು. ಅಂಗಳದ ಸುತ್ತಲಿನ ಜನ ಚಪ್ಪಾಳೆ ತಟ್ಟಲು ಎಷ್ಟೋ ಹೊತ್ತು ಹಿಡಿಯಿತು. ಏನಾಯಿತೆಂದು ಬಾಯಿಂದ ಬಾಯಿಗೆ ಹೋಗಿ ತಲುಪಬೇಕಿತ್ತಲ್ಲ. ತಲುಪಿದ ಮೇಲೆ ಎದ್ದ ಸದ್ದಿಗೆ ನನ್ನ ಮೈಯೆಲ್ಲ ಜುಮ್ಮೆಂದಿತು. ನಾನು ಪೆನ್ನು ಕೆಳಗಿಟ್ಟು ಆ ಹುಡುಗಿಯನ್ನೇ ನೋಡುತ್ತ ಕೂತೆ. ಅವಳು ಬಾಗಿ ಬೂಟಿನ ಲೇಸು ಬಿಚ್ಚುತ್ತಿದ್ದಳು.

ರೇಣುಕಾಳನ್ನು ಜೀಪಿನಲ್ಲಿ ದವಾಖಾನೆಗೆ ಕರೆದೊಯ್ದೆ. ದಾರಿಯಲ್ಲಿ ಎರಡು ಸಲ ವಾಂತಿ ಮಾಡಿದಳು. ಆಮೇಲೆ ನನ್ನ ಕೈ ಹಿಡಿದು ಕೇಳಿದಳು: "ಯಾರ ಗೆದ್ರರಿ ಅಕ್ಕೋರ?"

"ನೀವ ಗೆದ್ರಿ."

ಅವಳ ಮುಖ ಅರಳಿತು. ಎರಡು ನಿಮಿಷದ ನಂತರ ಮತ್ತೆ ಕೇಳಿದಳು: "ಯಾರ ಗೆದ್ರರಿ?" ಮತ್ತೆ ಹೇಳಿದೆ. ಮತ್ತೆ ಅದೇ ಸಂತೋಷ, ಮೊದಲ ಸಲ ಕೇಳಿದಂತೆಯೇ. ಅವಳ ತಾಯಿ ತುಕ್ಕಾನಟ್ಟಿಯಿಂದ ಬಸ್ಸು ಹಿಡಿದು ಬರುವ ತನಕ ಆ ಹುಡುಗಿ ಅದೇ ಫೈನಲ್ ಅನ್ನು ಹತ್ತು ಹನ್ನೆರಡು ಸಲ ಗೆದ್ದಳು. ಪರೀಕ್ಷೆ ಮಾಡಿದ ಡಾಕ್ಟರು, ಮಿದುಳು ಅಲುಗಾಡಿದೆ, ರಕ್ತ ಇಳಿದಿಲ್ಲ, ವಿಶ್ರಾಂತಿ ಬೇಕು ಎಂದರು. "ಇನ್ನೊಮ್ಮಿ ಆಡಿಸಿದ್ದರ ನನಗ ಏನೂ ಹೇಳಾಕ ಬರ್ತಿರಲಿಲ್ಲ" ಎಂದೂ ಹೇಳಿದರು.

ಅವಳು ಚೇತರಿಸಿಕೊಂಡಳು. ಆದರೆ ವಿಭಾಗ ಮಟ್ಟದ ಪಂದ್ಯಕ್ಕೆ ಹೋಗಲಾಗಲಿಲ್ಲ. ತಂಡ ಅವಳಿಲ್ಲದೆ ಹೋಗಿ ಮೊದಲ ಸುತ್ತಿನಲ್ಲೇ ಸೋತು ಬಂತು. ಅಧಿಕಾರಿ ನನ್ನಿಂದ ವಿವರಣೆ ಕೇಳಿದರು, ಡಾಕ್ಟರ ಚೀಟಿ ಲಗತ್ತಿಸಿ ಕೊಟ್ಟೆ, ಅದು ಅಲ್ಲಿಗೆ ಮುಗಿಯಿತು. ದೀಪಾಳ ಜೊತೆ ಅವಳ ಶಿಕ್ಷಕ ಊರು ತಲುಪುವ ತನಕ ಮಾತಾಡಲಿಲ್ಲವೆಂದು ಆಮೇಲೆ ಕೇಳಿದೆ. ನಾನು ಆತನಿಗೆ ಒಂದು ಪತ್ರ ಬರೆದೆ. ಉತ್ತರ ಬರಲಿಲ್ಲ. ಓದಿದನೋ ಇಲ್ಲವೋ ತಿಳಿಯದು.

ನಿವೃತ್ತಿಗೆ ಮುಂಚಿನ ವಾರ ತುಕ್ಕಾನಟ್ಟಿಗೆ ಹೋದೆ. ರೇಣುಕಾ ನನ್ನ ಮೇಲೆ ಸಿಟ್ಟಾಗಿರಬಹುದು ಎಂದುಕೊಂಡಿದ್ದೆ. ಸಿಟ್ಟಿರಲಿಲ್ಲ, ಬೇರೆಯೇ ಸಂಕಟವಿತ್ತು. "ಅಕ್ಕೋರ, ಮಂದಿ ಎಲ್ಲಾ ಹೇಳ್ತಾರ್ರಿ, ಅಂಥಾ ರೈಡ್ ನೋಡೇ ಇಲ್ಲ ಅಂತ. ನನಗ ಒಂದೀಟೂ ನೆನಪಿಲ್ರಿ. ಮುಂಜಾನಿ ಆಟ ನೆನಪೈತಿ, ಆಮ್ಯಾಲ ದವಾಖಾನಿ ಫ್ಯಾನ್ ನೆನಪೈತಿ." ಯಾರೋ ಮೊಬೈಲಿನಲ್ಲಿ ತೆಗೆದ ವಿಡಿಯೋದಲ್ಲಿ ಜನರ ತಲೆಗಳಷ್ಟೇ ಕಾಣುತ್ತಿದ್ದವು. "ನೀವು ಬಾಜೂಕ ಇದ್ರಿ. ಹೆಂಗ ಮಾಡಿದೆ, ಹೇಳ್ರಿ."

ಬಾಯಲ್ಲಿ ಹೇಳಲು ಬರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅವರ ಅಂಗಳದಲ್ಲಿ ಎದ್ದು ನಿಂತೆ. ಅವಳ ತಾಯಿ ನಗತೊಡಗಿದಳು. ಎಡಕ್ಕೆ ತೋರಿಸಿ ಬಲಕ್ಕೆ ಸರಿದೆ, ಒಂದು ಕಾಲು ಊರಿ ಇನ್ನೊಂದನ್ನು ನನ್ನ ಮಂಡಿ ಒಪ್ಪಿದಷ್ಟು ಎತ್ತಿದೆ. "ಇದು ಬೋನಸ್. ಇಲ್ಲಿ ದೀಪಾ ನಿನ್ನ ಕಾಲಿಗಿ ಬಿದ್ದಳು. ನೀ ಹಾರಿದಿ." ಹಾರುವುದನ್ನು ಕೈಯಲ್ಲೇ ತೋರಿಸಿದೆ.

"ಮುಟ್ಟಿದ್ದು ಹೆಂಗ್ರಿ?"

ನಾನು ನಿಂತೆ. "ಅದನ್ನ ನಾ ನೋಡಲಿಲ್ಲವ್ವ" ಎಂದೆ. "ಎರಡ ಮಾರ ದೂರದಾಗ ಇದ್ದೆ, ನೋಡಲಿಲ್ಲ. ಅದು ಗೊತ್ತಿರೂದು ಆಕಿ ಒಬ್ಬಾಕಿಗೇ."

ಅಂಕಪಟ್ಟಿ ತುಂಬುವಾಗ ಬರೆದುಕೊಂಡಿದ್ದ ದೀಪಾಳ ತಂದೆಯ ನಂಬರು ನನ್ನ ಬಳಿ ಇತ್ತು. ಹಚ್ಚಿಕೊಟ್ಟೆ. ದೀಪಾಳೇ ಮಾತಾಡಿದಳು. ಇಬ್ಬರೂ ಮೊದಲು ನಾಚಿದರು. ಆಮೇಲೆ ಫೋನಿನಿಂದ ಅವಳ ದನಿ ನಮಗೆಲ್ಲ ಕೇಳಿಸಿತು: "ನಾ ನಿನ್ನ ಕಾಲಿಗಿ ಬಿದ್ನಿ. ಹಿಡದೆ ಅಂತನ ಅನ್ಕೊಂಡಿದ್ನಿ. ನೀ ಅಷ್ಟ ಎತ್ತರ ಹಾರ್ತಿ ಅಂತ ಯಾರಿಗಿ ಗೊತ್ತಿತ್ತು? ಹಾರೂಮುಂದ ನಿನ್ನ ಎಡಗೈ ಬೆರಳ ನನ್ನ ಹೆಗಲಿಗಿ ಹತ್ತಿದ್ವು."

ರೇಣುಕಾ ಎಡಗೈ ಎತ್ತಿ ನೋಡಿಕೊಂಡಳು. "ಎಷ್ಟ ಬೆರಳ?"

"ಎರಡು."

ಅವಳು ಎರಡು ಬೆರಳು ಚಾಚಿ, ಗಾಳಿಯಲ್ಲಿ ಮೆಲ್ಲಗೆ ಏನನ್ನೋ ಮುಟ್ಟಿದಳು.

"ಇನ್ನೊಮ್ಮಿ ಹೇಳ" ಎಂದಳು.

ದೀಪಾ ಮತ್ತೆ ಮೊದಲಿನಿಂದ ಹೇಳತೊಡಗಿದಳು. ನಾನು ಕಟ್ಟೆಯ ಮೇಲೆ ಕೂತು ಕೇಳಿಸಿಕೊಂಡೆ.